ನಾಚಿಕೆಗೆ ನಕ್ಕವನು

ಮಾರ್ಚ್ 4, ಬೆಳಿಗ್ಗೆ 6. ಪಿರೇಯಸ್ ಬಂದರು

ಮಹಾಜನರೇ! ಇಲಿಗಳೇ, ತುಕ್ಕು ಹಿಡಿದ ಸರಪಳಿಗಳೇ! ಬನ್ನಿ, ಒತ್ತಿ ಕೂತುಕೊಳ್ಳಿ! ಯಾರೂ ಓದದ ಈ ಪುಸ್ತಕಕ್ಕೆ ನೀವೇ ಸಭೆ. ಊರ ನಾಟಕದಲ್ಲಿ ಹನ್ನೆರಡು ವರ್ಷ ರಾಜನಾಗಿ ಕತ್ತಿ ಝಳಪಿಸಿದ ತಿಯೊದುಲೋ, ಈಗ ಗ್ರೀಕರ ಹಡಗಿನಲ್ಲಿ ಡೆಕ್ ಮೇಸ್ತ್ರಿ.

ತಿಂಡಿ— ಬೆಳ್ಳುಳ್ಳಿ ಅನ್ನ, ಒಣಮೀನು. ಕ್ಯಾಪ್ಟನ್ ನಂತರದ ಅಧಿಕಾರಿ, ಚೀಫ್ ಮೇಟ್ ಸ್ಟಾವ್ರಾಕಿಸ್, ಮೂಗು ಮುಚ್ಚಿಕೊಂಡು ಹಾದುಹೋದ. "ಯಾರ ಹೆಣ ಹುರೀತಿದೀರ್ರೋ?" ನಕ್ಕೆವು. ಫಿಲಿಪಿನೋ ಅಂದರೆ ನಗುಮುಖ. ಅದಕ್ಕೇ ಅಲ್ಲವೇ ನಮ್ಮನ್ನು ಕರೆಸಿಕೊಳ್ಳುವುದು!

ಅದೇ ದಿನ, ಮಧ್ಯಾಹ್ನ 2



ನನ್ನ ಕೈಕೆಳಗಿನ ಖಲಾಸಿ ವೆನ್ಸೆಸ್ ಬಿಳಿ ಬಣ್ಣದ ಡಬ್ಬ ಉರುಳಿಸಿದ. ಮೇಟ್ ಎಲ್ಲರೆದುರು ಅವನ ತಾಯಿಯ ಹೆಸರು ಎಳೆದು ತಂದು ಬೈದ. ವೆನ್ಸೆಸ್ ನಕ್ಕ. ನಮ್ಮ ಜನ ಹಾಗೆಯೇ— ನಾಚಿಕೆ ಗಂಟಲವರೆಗೆ ಬಂದರೆ ಅದು ಬಾಯಿಂದ ನಗುವಾಗಿ ಹೊರಬೀಳುತ್ತದೆ.

"ನನ್ನ ನೋಡಿ ಹಲ್ಲು ಕಿಸೀತೀಯಾ?"

ಮೇಟ್ ತುಕ್ಕು ಕೆರೆಯುವ ಸುತ್ತಿಗೆ ಎತ್ತಿದ. ದವಡೆ ಮುರಿದ ಸದ್ದು— ತೆಂಗಿನಕಾಯಿ ಒಡೆದ ಹಾಗೆ. ಬಿಳಿ ಬಣ್ಣದಲ್ಲಿ ಮೂರು ಹಲ್ಲು. ವೆನ್ಸೆಸ್ ಆ ಬಾಯಲ್ಲೂ ನಗಲು ನೋಡಿದ. ಎರಡನೇ ಏಟು.

ರಂಗದ ಮೇಲೆ ನನ್ನ ಗುದ್ದು ಯಾವಾಗಲೂ ಒಂದಂಗುಲ ಮೊದಲೇ ನಿಲ್ಲುತ್ತಿತ್ತು. ಇವತ್ತು ನಿಲ್ಲಲಿಲ್ಲ. ಮೇಟನ ಮೂಗು ಚಪ್ಪಟೆ. ನಾಲ್ವರು ನನ್ನನ್ನು ಹಿಡಿದೆಳೆದರು.

ಮಾರ್ಚ್ 5, ಬೆಳಿಗ್ಗೆ 10

ವೆನ್ಸೆಸ್ ಆಸ್ಪತ್ರೆಯಲ್ಲಿ. ದವಡೆಗೆ ತಂತಿ. ಮಾತಿಲ್ಲ.

ಕ್ಯಾಪ್ಟನ್ ಮಾವ್ರಿದಿಸ್ ಕರೆಸಿದರು. ಮುದುಕ. ಮೂರು ವರ್ಷದ ಹಿಂದೆ ನಾನು ಮಂಜುನೀರಿಗೆ ಬಿದ್ದಾಗ ಹಾರಿ, ಜುಟ್ಟು ಹಿಡಿದು ಎಳೆದು ತಂದವರು. ಮೇಜಿನ ಮೇಲೊಂದು ಕಾಗದ: ವೆನ್ಸೆಸ್ ಏಣಿಯಿಂದ ಜಾರಿ ಬಿದ್ದ.

"ಸಹಿ ಹಾಕು ಮಗನೇ. ನಿಮ್ಮವರು ಒಳ್ಳೇ ಜನ. ದೂರು ಗೀರು ನಿಮ್ಮ ರಕ್ತದಲ್ಲೇ ಇಲ್ಲ."

ಪೆನ್ನನ್ನು ಮೇಜಿನ ಅಂಚಿಗೆ ಸರಿಸಿದೆ.

"ಅವತ್ತು ನೀರಲ್ಲಿ ನಿನ್ನ ಹತ್ರ ನಾನೇನಾದ್ರೂ ಕಾಗದ ಕೇಳಿದ್ನಾ?"

ಅಯ್ಯೋ! ಜೀವದ ಋಣ ನಮ್ಮಲ್ಲಿ ಗುಂಡಿಗಿಳಿಯುವವರೆಗೂ ತೀರುವುದಿಲ್ಲ. ಯೋಚಿಸಿ ಹೇಳುತ್ತೇನೆ ಎಂದು ಬಂದೆ.

ಮಾರ್ಚ್ 8, ಸಂಜೆ 5

ಸಹಿ ಹಾಕಿಲ್ಲ. ಆಗುವುದಿಲ್ಲ ಎಂದೂ ಹೇಳಿಲ್ಲ. ಮೇಟ್ ಮೂಗಿಗೆ ಪಟ್ಟಿ ಹಾಕಿಕೊಂಡೇ ಇವತ್ತು ಇನ್ನೊಬ್ಬನ ಸೊಂಟಕ್ಕೆ ಒದ್ದ. ಹಾಯಾಗಿದ್ದಾನೆ.

ಅಡುಗೆಯ ಯುಲೋಹಿಯೊ ತಟ್ಟೆ ಕುಕ್ಕಿದ. "ಮಹಾರಾಜರು ಸಿಂಹಾಸನದಿಂದ ಯಾವಾಗ ಏಳ್ತಾರೋ?"

"ಅವರು ನನ್ನ ಪ್ರಾಣ ಉಳಿಸಿದೋರು ಕಣೋ!"

"ಉಳಿದಿದ್ದು ನಿನ್ನ ಪ್ರಾಣ. ವೆನ್ಸೆಸ್ ದವಡೆ ಕೊಟ್ಟು ನಿನ್ನ ಋಣ ತೀರಿಸ್ತೀಯೇನಣ್ಣಾ?"

ಕೊರಳಪಟ್ಟಿ ಹಿಡಿದು ಗೋಡೆಗೆ ಬಡಿದೆ. ಅವನ ಹಣೆ ಒಡೆಯಿತು. ಕೈ ಎತ್ತಲಿಲ್ಲ ಪುಣ್ಯಾತ್ಮ. ರಕ್ತ ಒರೆಸಿಕೊಳ್ಳುತ್ತ, "ಸರಿಯಾದ ಕೈ. ಹೊಡೆದಿದ್ದು ತಪ್ಪು ಮನುಷ್ಯನ್ನ," ಅಂದ.

ಕೇಳಿರಿ ಮಹಾಜನರೇ! ನಾಳೆ ಬೆಳಿಗ್ಗೆ ಒಂಬತ್ತಕ್ಕೆ ವೆನ್ಸೆಸ್ ಗಾಯದ ವಿಚಾರಣೆಗೆ ಬಂದರಿನ ಪೊಲೀಸರು ಹಡಗು ಹತ್ತುತ್ತಾರೆ. ಮೊದಲು ಕ್ಯಾಪ್ಟನ್ ಎದುರು ಬಾಗಿ, ಹೆತ್ತ ತಂದೆಗೆ ಮಾಡುವಂತೆ, ಅವರ ಕೈಯನ್ನು ನನ್ನ ಹಣೆಗೆ ಒತ್ತಿಕೊಳ್ಳುತ್ತೇನೆ. ಆ ಕೈ ಬಿಟ್ಟು ಪೊಲೀಸರತ್ತ ತಿರುಗುತ್ತೇನೆ. ಸುತ್ತಿಗೆ ಯಾರದು, ಏಟು ಎಷ್ಟು, ಎಲ್ಲ ಹೇಳುತ್ತೇನೆ. ನಾನು ಹೊಡೆದದ್ದನ್ನೂ ಸೇರಿಸಿ, ಇಡೀ ಡೆಕ್ಕಿಗೆ ಕೇಳುವ ಹಾಗೆ—