ಗೋಡೆಯ ಮೇಲಿನ ಇಸ್ವಣ

ಸದಾಶಿವಗಡ, ಕಾರವಾರ
16 ಮಾರ್ಚ್ 2025, ಭಾನುವಾರ

ಪ್ರೀತಿಯ ದಾದಾ,

ನಿನ್ನ ತಂಗಿ ವಿಜೂ ಮಾಡುವ ನಮಸ್ಕಾರ. ಬೆನ್ನುನೋವು ಈಗ ಹೇಗಿದೆ? ಮಸ್ಕತ್ತಿನಲ್ಲಿ ರಂಜಾನ್ ಉಪವಾಸ ನಡೆದಿದೆ, ನಿಮ್ಮ ಗೋದಾಮು ಬೇಗ ಮುಚ್ಚುತ್ತದೆ ಎಂದು ದೀಪಾಲಿ ವಹಿನಿ ಹೇಳಿದಳು. ಹಾಗಿದ್ದರೆ ಮಧ್ಯಾಹ್ನ ಒಂದಿಷ್ಟು ಮಲಗು. ರೂಮಿನವರಿಗೆಲ್ಲ ನೀನೇ ಅಡುಗೆ ಮಾಡಿ ಹಾಕುತ್ತ ಕೂರಬೇಡ, ನಿನ್ನ ಉದಾರಬುದ್ಧಿ ನನಗೆ ಗೊತ್ತು. ಆಯಿ ಆರಾಮಿದ್ದಾಳೆ. ಮೊಣಕಾಲು ಹಿಡಿದುಕೊಳ್ಳುತ್ತದೆ ಎಂದು ಬೆಳಿಗ್ಗೆಯೆಲ್ಲ ನರಳುತ್ತಾಳೆ, ಮೀನಿನವಳ ಕೂಗು ಕೇಳಿದರೆ ಮಾತ್ರ ಆ ನೋವು ಎಲ್ಲಿ ಹೋಗುತ್ತದೋ, ಎಲ್ಲರಿಗಿಂತ ಮುಂಚೆ ಗೇಟಿನ ಹತ್ತಿರ ಇರುತ್ತಾಳೆ. ನಿನ್ನ ಮಗಳು ನಾಗಶ್ರೀಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂತು. ನೀನು ಹೋಗುವಾಗ ತೊಟ್ಟಿಲಲ್ಲಿದ್ದ ಹುಡುಗಿ ಈಗ ನನಗಿಂತ ಎತ್ತರ, ಬಾಯಿಯೂ ನನಗಿಂತ ಜೋರು. ನಾನು ನಿನ್ನೆಯೇ ಅಮದಳ್ಳಿಯಿಂದ ತವರಿಗೆ ಬಂದಿದ್ದೇನೆ. ವಿಕಾಸ ಹಾಗೂ ಅತ್ತೆ ಮಾವ ಎಲ್ಲರೂ ಸೌಖ್ಯ.

ಇಲ್ಲಿ ನೀನು ಬರುವ ಸುದ್ದಿಯದ್ದೇ ಸಂಭ್ರಮ. ಈದ್ ಮುಗಿದ ಮೇಲೆ ರಾಜೀನಾಮೆ ಕೊಟ್ಟು ಖಾಯಂ ಊರಿಗೇ ಬರುತ್ತೇನೆ, ನಮ್ಮ ರೈತರ ಸಂಘದಲ್ಲಿ ಹಳೆಯ ಕಂಪ್ಯೂಟರ್ ಕೆಲಸಕ್ಕೇ ಸೇರಿಕೊಳ್ಳುತ್ತೇನೆ ಎಂದು ನೀನು ವಹಿನಿಗೆ ಹೇಳಿದ ದಿನದಿಂದ ಗಂಡ ಬರುತ್ತಾನೆಂದು ಅವಳ ಕಾಲು ನೆಲದ ಮೇಲಿಲ್ಲ. ಹಿಂದಿನ ಕೋಣೆಯ ಸಾಮಾನೆಲ್ಲ ಜಗಲಿಗೆ ಬಂದಿದೆ, ಬಣ್ಣ ಹೊಡೆಸುವ ತಯಾರಿ. ಪಕ್ಕದ ಮನೆಯ ಕಿಶನ ರಜೆ ಮುಗಿಸಿ ಇವತ್ತು ಮಸ್ಕತ್ತಿಗೆ ಹೊರಟಿದ್ದಾನೆ. ಅವನ ಚೀಲದಲ್ಲಿ ಆಯಿ ಮಗನಿಗೆಂದು ಒಣ ಶೆಟ್ಲಿ ಸಿಗಡಿ ತುರುಕಿದ್ದಾಳೆ, ನಾನು ಈ ಪತ್ರ ತುರುಕುತ್ತಿದ್ದೇನೆ. ಫೋನು ಇರುವಾಗ ಇದೆಂಥ ಪತ್ರ ಎಂದು ನಗಬೇಡ. ಫೋನಿನಲ್ಲಿ ನಿನ್ನ ದನಿ ಕೇಳಿದ ಕೂಡಲೇ ನಾನು ನಿನಗೆ ಇಷ್ಟವಾಗುವ ಮಾತನ್ನೇ ಆಡಿಬಿಡುತ್ತೇನೆ. ಮನೆಯಲ್ಲಿ ಕೊಂಕಣಿ ಆಡಿದರೂ ಬರೆಯುವಾಗ ಕನ್ನಡವೇ ಕೈಗೆ ಬರುವುದು. ನನ್ನ ಒತ್ತಕ್ಷರ ತಿದ್ದಿದವನೂ ನೀನೇ, ಹಾಗಾಗಿ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ.

ನಾನು ಹೇಳಬೇಕಾಗಿರುವುದು ನಿನ್ನ ಪ್ರೋಗ್ರಾಮಿನ ವಿಷಯ. ಸಂಘಕ್ಕೆ ನೀನು ಫಾಕ್ಸ್‌ಪ್ರೋ ಎಂಬ ಹಳೆಯ ಕಂಪ್ಯೂಟರ್ ಭಾಷೆಯಲ್ಲಿ ಬರೆದುಕೊಟ್ಟದ್ದು. ಯಾವ ರೈತನ ತೆಂಗಿನಕಾಯಿ, ಯಾರ ಗೇರುಬೀಜ, ಅಂಕೋಲೆಯ ಯಾವ ಮನೆಯ ಇಶಾಡ ಮಾವಿನ ಪೆಟ್ಟಿಗೆ ಎಂದು ಅದು ಇಷ್ಟು ವರ್ಷ ಒಂದನ್ನೂ ಬಿಡದೆ ಹೇಳುತ್ತಿತ್ತು. ಆದರೆ ದಾದಾ, ಆ ಭಾಷೆ ಬಲ್ಲವರು ಈ ಕಡೆ ಈಗ ನನ್ನನ್ನು ಬಿಟ್ಟರೆ ಯಾರೂ ಇಲ್ಲ, ಅದು ಕೆಟ್ಟಾಗಲೆಲ್ಲ ಸಂಘದವರು ನನ್ನನ್ನೇ ಕರೆಸುತ್ತಿದ್ದರು. ಅದು ಓಡುತ್ತಿದ್ದದ್ದು ಕಾರವಾರ ಆಫೀಸಿನ ಒಂದೇ ಒಂದು ಮುದಿ ಕಂಪ್ಯೂಟರಿನಲ್ಲಿ. ಅಂಕೋಲಾ ಶಾಖೆಯ ಹರೀಶ ಪ್ರತಿ ಸಂಜೆ ಅಲ್ಲಿನ ವಿವರವನ್ನು ಪೆನ್‌ಡ್ರೈವಿನಲ್ಲಿ ಹಾಕಿ ಬಸ್ಸು ಹತ್ತಿ ಬರಬೇಕಿತ್ತು, ಮರುದಿನ ಬೆಳಿಗ್ಗೆ ತಿರುಗಿ ಒಯ್ಯಬೇಕಿತ್ತು. ಅಲ್ಲಿಯವರೆಗೆ ಹಿಲ್ಲೂರಿನಿಂದ ಟೆಂಪೋ ಮಾಡಿಕೊಂಡು ಬಂದ ಜನಕ್ಕೆ ರಸೀದಿ ಇರಲಿಲ್ಲ. ಬೀರಕ್ಕ ಅಂತ ಒಬ್ಬಳಿದ್ದಾಳೆ, ಕಾಯಿ ಹಾಕಿ ಹೋದವಳು ರಸೀದಿಗಾಗಿ ಮಾರನೇ ದಿನ ಮತ್ತೆ ಅಷ್ಟು ದೂರ ಬರುತ್ತಿದ್ದಳು. ನಾನು ಮನೆಯಲ್ಲಿ ಕೂತು ಪೈಥಾನ್ ಎಂಬ ಈಗಿನ ಭಾಷೆ ಕಲಿತೆ, ಎರಡೂ ಊರಿನಲ್ಲಿ ಒಂದೇ ಸಲಕ್ಕೆ ಕೆಲಸ ಮಾಡುವ ಹಾಗೆ ಎಲ್ಲವನ್ನೂ ಅದರಲ್ಲಿ ಹೊಸದಾಗಿ ಬರೆದೆ. ಇಷ್ಟರಲ್ಲಿ ನನ್ನ ತಪ್ಪೇನೂ ಇಲ್ಲ. ನೀನಿದ್ದಿದ್ದರೂ ಹೂಂ ಅನ್ನುತ್ತಿದ್ದೆ ಎಂದೇ ನನ್ನ ನಂಬಿಕೆ.

ಬರೆದದ್ದು ಬೇರೆ, ಒಪ್ಪಿಸುವುದು ಬೇರೆ. ನಿನ್ನ ಕಾಲದವರು ಸಂಘದಲ್ಲಿ ಈಗ ಯಾರೂ ಉಳಿದಿಲ್ಲ. ಮ್ಯಾನೇಜರ್ ಮಂಗೇಶ ಸರ್ ಕುಮಟಾ ಕಡೆಯಿಂದ ಬಂದವರು. ಒಳ್ಳೆಯ ಮನುಷ್ಯ, ಆದರೆ ಗೋಡೆಯ ಕ್ಯಾಲೆಂಡರ್ ಬದಲಿಸಲಿಕ್ಕೂ ಅವರಿಗೆ ಧೈರ್ಯ ಸಾಲದು. ನಾನು ಹೋದಾಗಲೆಲ್ಲ ಚಹಾ ತರಿಸಿ ಅದೇ ಮಾತು: “ಅದು ನಡೀತೇ ಅದೆಯಲ್ಲ ವಿಜೇತಾ, ನಡೆಯೂದನ್ನ ಎಂತಕ್ಕೆ ನಿಲ್ಸೂದು?” ಒಂದು ದಿನ ಸಿಟ್ಟು ಬಂದು, ಕಾಳಿ ಹೊಳೆಯ ಹಳೇ ಸೇತುವೆಯೂ ಬೀಳುವ ಹಿಂದಿನ ದಿನದವರೆಗೆ ನಡೆಯುತ್ತಲೇ ಇತ್ತು ಸರ್ ಎಂದುಬಿಟ್ಟೆ. ಅವರು ಲೋಟ ಕೆಳಗಿಟ್ಟರು, ಆದರೂ ಒಪ್ಪಲಿಲ್ಲ. ಹೊಸದರ ಲಾಭ ಹೇಳಿದೆ, ಮಾಡಿ ತೋರಿಸಿದೆ, ಬೀರಕ್ಕನ ಕಷ್ಟ ವಿವರಿಸಿದೆ. ಅಧ್ಯಕ್ಷರಾದ ಹಿಲ್ಲೂರಿನ ಉಮೇಶ ಗೌಡರು ಎಲ್ಲ ಕೇಳಿ, “ಬಪ್ಪ ವರ್ಷ ನೋಡುವ” ಎಂದು ಎದ್ದು ಹೋದರು. ಆ ಮುಂದಿನ ವರ್ಷ ಬಂದಾಗಲೂ ಅದೇ ಮಾತು.

ಆಮೇಲೆ ನಾನು ಮಾಡಿದ್ದು ಬರೆಯಲು ನಾಚಿಕೆಯಾಗುತ್ತದೆ. ಜನವರಿಯ ಸಭೆಗೆ ಪ್ರೊಜೆಕ್ಟರ್ ತರಿಸಿದೆ. ನನ್ನ ಹೊಸದನ್ನು ತೋರಿಸಲಿಕ್ಕಲ್ಲ, ನಿನ್ನ ಹಳೆಯದನ್ನು ಗೋಡೆಯ ಮೇಲೆ ಬಿಡಲಿಕ್ಕೆ. ನಿನಗೆ ನೆನಪಿದೆಯಲ್ಲ, ಪ್ರೋಗ್ರಾಮಿನೊಳಗೆ ಲೆಕ್ಕ ತುಂಬಿಡುವ ಒಂದೊಂದು ಜಾಗಕ್ಕೂ ನೀನು ಮೀನಿನ ಹೆಸರು ಇಟ್ಟಿದ್ದೆ. ಇಂಗ್ಲಿಷ್ ಅಕ್ಷರದಲ್ಲಿ ಇಸ್ವಣ, ಬಂಗಡೆ, ತಾರ್ಲೆ, ನೊಗಲಿ. ಅದು ಗೋಡೆಯಷ್ಟು ದೊಡ್ಡದಾಗಿ ಕಂಡಿತು. ಬಂಗಡೆಗೆ ತಾರ್ಲೆ ಕೂಡಿಸು, ಬಂದದ್ದನ್ನು ಇಸ್ವಣದಲ್ಲಿ ಹಾಕು, ನೊಗಲಿ ಖಾಲಿಯಾಗಿದ್ದರೆ ನಿಲ್ಲು. ನಾನು ಕೈಯಲ್ಲಿ ಕೋಲು ಹಿಡಿದು ಟೀಚರಮ್ಮನ ಹಾಗೆ ಒಂದೊಂದೇ ಸಾಲು ಓದಿದೆ, ಬೇಕೆಂದೇ ಎಳೆದೆಳೆದು ಓದಿದೆ. ಮೊದಲು ಹರೀಶ ನಕ್ಕ. ಆಮೇಲೆ ಇಡೀ ಸಭೆ. ಉಮೇಶ ಗೌಡರು ಕಣ್ಣೀರು ಒರೆಸಿಕೊಳ್ಳುತ್ತ, “ಇದೆಂತ ಸಂಘವೋ, ಮೀನ್ ಪ್ಯಾಟೆಯೋ!” ಎಂದರು. ರೈತರ ಸಂಘದ ವಿವರ ಇಂಥವರ ಕೈಯಲ್ಲಿತ್ತು ನೋಡಿ ಎಂದೆ ನಾನು. ನಾನೂ ನಗುತ್ತಿದ್ದೆ ದಾದಾ. ತೋರಿಕೆಗಲ್ಲ, ನಿಜವಾಗಿಯೇ ನಗು ಬಂದಿತ್ತು. ಇಷ್ಟು ಕಾಲ ಮಿಸುಕಾಡದ ಜನ ಕಡೆಗೂ ನನ್ನ ಕಡೆ ವಾಲುತ್ತಿದ್ದಾರೆ ಎಂಬ ಸುಖಕ್ಕೆ ಮೈಮರೆತಿದ್ದೆ.

ಆಗ ಮಂಗೇಶ ಸರ್, “ಯಾರ್ರೀ ಇದನ್ನ ಬರ್ದವ್ರು?” ಎಂದು ಕೇಳಿದರು. ಮದುವೆಯಾದ ಮೇಲೆ ನನ್ನ ಅಡ್ಡಹೆಸರು ಬದಲಾಗಿದೆ, ಅವರಿಗೆ ಗೊತ್ತಾಗುವ ಸಂಭವವೇ ಇಲ್ಲ. ಯಾರೋ ಹಿಂದೆ ಇದ್ದವರಂತೆ ಸರ್, ಅರ್ಧಂಬರ್ಧ ಕಲಿತು ಬರೆದದ್ದು ಎಂದೆ. ಬಾಯಿ ತಡವರಿಸಲೂ ಇಲ್ಲ. ಅದೇ ಸಭೆಯಲ್ಲಿ ಒಪ್ಪಿಗೆ ಆಯಿತು, ಚಪ್ಪಾಳೆಯೂ ಆಯಿತು. ಸಂಜೆ ಹೊಸ ಸೇತುವೆ ದಾಟಿ ಆಯಿಯನ್ನು ನೋಡಲು ಬಂದೆ. ಅವಳು ಅಂಗಳದಲ್ಲಿ ಕೂತು ಬಂಗಡೆ ಹೆಚ್ಚುತ್ತಿದ್ದಳು. ಆ ಬಂಗಡೆ ಬಡಿಸಿದ ತಟ್ಟೆಯನ್ನು ನಾನು ಹಾಗೇ ಸರಿಸಿಟ್ಟೆ. ಪಿತ್ತ ಆಗಿದೆ ಎಂದು ಆಯಿ ಕೋಕಮ್ ನೀರು ಕುಡಿಸಿದಳು.

ಆ ಹೆಸರುಗಳು ಯಾಕೆ ಬಂದವು ಎಂಬುದು ಲೋಕದಲ್ಲಿ ನಮ್ಮಿಬ್ಬರಿಗೆ ಮಾತ್ರ ಗೊತ್ತು. ನಾನು ಹೈಸ್ಕೂಲಿನಲ್ಲಿ ಗಣಿತ ಬರದೆ ಅಳುತ್ತಿದ್ದ ಕಾಲ. ಎಕ್ಸ್ ಅಂದರೆ ಏನು, ಅದನ್ನು ಯಾರು ಕಂಡಿದ್ದಾರೆ ಎಂದು ಪುಸ್ತಕ ಬಿಸಾಡಿದ್ದೆ. ಭಾನುವಾರ ನೀನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ನನ್ನನ್ನು ಸಂಘದ ಆಫೀಸಿಗೆ ಕರೆದುಕೊಂಡು ಹೋದೆ. ನೀನು ಆ ಪ್ರೋಗ್ರಾಮ್ ಬರೆಯಲು ಶುರುಮಾಡಿದ್ದೆಯಷ್ಟೆ. “ಹಾಗಾದ್ರೆ ಎಕ್ಸ್ ಬೇಡ ಬಿಡು, ನೀನು ಕಂಡದ್ದನ್ನೇ ಇಡುವ” ಎಂದು ತಾರ್ಲೆ ಎಂದು ಬರೆದೆ. ತಾರ್ಲೆ ಅಂದರೆ ಕೈಯಲ್ಲಿ ಹಿಡಿದು ಮರುಕ್ಷಣ ಬಿಡುವ ಚಿಲ್ಲರೆ ಲೆಕ್ಕ, ಬಂಗಡೆ ಅಂದರೆ ದಿನದ್ದು, ಇಸ್ವಣ ಅಂದರೆ ಇಡೀ ವರ್ಷದ್ದು, ಅದಕ್ಕೆ ದೊಡ್ಡ ಪಾತ್ರೆ ಬೇಕು ಎಂದೆ ನೀನು. ನನಗೆ ಆ ಗಳಿಗೆಯಲ್ಲಿ ಎಲ್ಲ ಅರ್ಥವಾಯಿತು. ಆಮೇಲೆ ಯಾವತ್ತೂ ಗಣಿತಕ್ಕೆ ಅಳಲಿಲ್ಲ. ತಂಗಿಗೆ ತಿಳಿಯಲಿ ಎಂದು ನೀನು ಇಟ್ಟ ಹೆಸರನ್ನು ಆ ತಂಗಿಯೇ ಕೋಲು ಹಿಡಿದು ನಾಲ್ಕು ಜನರ ಎದುರು ನಗೆಪಾಟಲು ಮಾಡಿದಳು. ಪೈಥಾನ್ ಬೇಕು ಎಂದು ವಾದಿಸುವ ಬುದ್ಧಿ ನನಗೆ ಬಂದದ್ದೇ ಆ ತಾರ್ಲೆಯಿಂದ.

ಶಿವರಾತ್ರಿಗೆ ಮುಂಚೆಯೇ ಹಳೆಯ ಕಂಪ್ಯೂಟರ್ ಬಂದ್ ಮಾಡಿದೆವು. ಹೊಸದು ಚೆನ್ನಾಗಿಯೇ ಓಡುತ್ತಿದೆ. ಹರೀಶ ಸಂಜೆ ನೇರ ಮನೆಗೆ ಹೋಗುತ್ತಾನೆ. ಬೀರಕ್ಕ ರಸೀದಿಯನ್ನು ಅಲ್ಲೇ ಕೈಗೆ ಪಡೆದು, ಬಿಸಿ ಅದೆಯಲ್ಲ ಎಂದು ಕೆನ್ನೆಗೆ ಒತ್ತಿಕೊಂಡು ನೋಡಿದಳಂತೆ. ಅದನ್ನು ಕೇಳಿ ಸಂತೋಷವಾಗಬೇಕು, ಆಗುತ್ತಲೂ ಇದೆ, ಅದರ ಬೆನ್ನಿಗೇ ನಾಚಿಕೆಯೂ ಬಂದು ಕೂರುತ್ತದೆ. ಹೋದ ವಾರ ತಡೆಯಲಾರದೆ ಮಂಗೇಶ ಸರ್ ಕೋಣೆಗೆ ಹೋಗಿ, ಅದನ್ನು ಬರೆದವನು ನನ್ನ ಸ್ವಂತ ಅಣ್ಣ ಸೂರಜ್ ಎಂದು ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ನನ್ನ ಮುಖ ನೋಡಿ, “ಹಾಗಾದ್ರೆ ಆವತ್ತು ನೀವೂ ನಗಾಡಿದ್ರಲ್ಲ?” ಎಂದು ಮೆಲ್ಲಗೆ ಕೇಳಿದರು. ಬೈದಿದ್ದರೆ ವಾಸಿಯಿತ್ತು. ಆವತ್ತು ಚಹಾ ತರಿಸಲಿಲ್ಲ.

ಮುಂದಿನ ಸಭೆಯಲ್ಲಿ ಎಲ್ಲರ ಎದುರು ಇದನ್ನೇ ಹೇಳುತ್ತೇನೆ. ಹೆಸರುಗಳು ಯಾರಿಗಾಗಿ ಇಟ್ಟದ್ದು ಎಂಬುದನ್ನೂ ಹೇಳುತ್ತೇನೆ, ಬೇಕಾದರೆ ಇನ್ನೊಂದು ಸಲ ನಗಲಿ, ಈ ಸಲ ನನ್ನನ್ನು ನೋಡಿ ನಗಲಿ. ನಿನ್ನ ಕ್ಷಮೆ ಕೇಳುವ ಮುಖ ನನಗಿಲ್ಲ. ಬೈದು ಒಂದು ಸಾಲು ಬರೆದರೂ ಸಾಕು, ಒತ್ತಕ್ಷರ ತಿದ್ದಿ ಕಳಿಸಿದರೂ ಸಾಕು. ಆಯಿಯ ಆಶೀರ್ವಾದ ನಿನ್ನ ತಲೆಯ ಮೇಲಿದೆ, ನಾಗಶ್ರೀಯ ಮುತ್ತುಗಳೂ ಇವೆ. ಬಿಸಿಲಿಗೆ ತಲೆಗೆ ಬಟ್ಟೆ ಕಟ್ಟಿಕೊ, ಮಾತ್ರೆ ಮರೆಯಬೇಡ.

ನಿನ್ನ,
ವಿಜೂ

ತಾ.ಕ.: ಕಿಶನನ ರಿಕ್ಷಾ ಬಂದು ನಿಂತಿದೆ, ಹಾರ್ನ್ ಹೊಡೆಯುತ್ತಿದ್ದಾನೆ. ಇಷ್ಟು ಬರೆದರೂ ಬರೆಯಬೇಕಾದ್ದನ್ನು ಬರೆದಿಲ್ಲ. ಶಿವರಾತ್ರಿಯ ದಿನ ನೀನು ಫೋನಿನಲ್ಲಿ, “ವಿಜೂ, ನನ್ನ ಪ್ರೋಗ್ರಾಮ್ ಇನ್ನೂ ಓಡ್ತದ್ಯಾ?” ಎಂದು ಕೇಳಿದೆ. ಅದಿಲ್ಲದೆ ಇಲ್ಲಿ ಗೋದಾಮಿನ ಬಾಗಿಲನ್ನೇ ತೆಗೆಯುವುದಿಲ್ಲ ಎಂದೆ ನಾನು. ಅಷ್ಟರಲ್ಲಾಗಲೇ ಅದು ಬಂದ್ ಆಗಿಹೋಗಿತ್ತು. “ಹಾಗಾದ್ರೆ ಬಂದೇ ಬಿಡ್ತೆ” ಎಂದು ನೀನು ನಕ್ಕೆ, ನಾನು ತಡೆಯಲಿಲ್ಲ. ದಾದಾ, ಸಂಘದಲ್ಲಿ ನಿನ್ನ ಕೆಲಸ ಈಗ ಇಲ್ಲ. ಆ ಕುರ್ಚಿಯನ್ನು ನನಗೆ ಕೊಟ್ಟಿದ್ದಾರೆ. ಈದ್ ಮುಗಿದರೂ ರಾಜೀನಾಮೆ ಕೊಡಬೇಡ. ಊರಿಗೆ ಬರಬೇಕು ಅನಿಸಿದರೆ ಬಾ, ನನ್ನ ಆ ಮಾತು ನಂಬಿಕೊಂಡು ಮಾತ್ರ ಬರಬೇಡ. ವಹಿನಿಗೆ ಇದ್ಯಾವುದೂ ಗೊತ್ತಿಲ್ಲ. ಬಾಗಿಲಲ್ಲಿ ನಿಂತು, ನಿನಗೆ ತಿಳಿಹಸಿರು ಇಷ್ಟವೋ ನೀಲಿಯೋ ಎಂದು ನನ್ನನ್ನು ಕೇಳುತ್ತಿದ್ದಾಳೆ. ಈ ಲಕೋಟೆ ಅಂಟಿಸಿ ಕಿಶನನಿಗೆ ಕೊಟ್ಟು, ಬಣ್ಣದ ಡಬ್ಬಿ ತೆರೆಯುವ ಮೊದಲು ಅವಳಿಗೆ ನಾನೇ ಹೇಳುತ್ತೇನೆ.