ಯಾರ ಜೀವಮಾನ

ಮಾರ್ಚ್ 3, ಬೆಳಿಗ್ಗೆ

ಈ ಬರೆಯೋ ಪೀಡೆ ನನಗೆ ಅಂಟಿಸಿದ್ದು ಮಗಳು. "ಅಪ್ಪಾ, ನೀನು ಬಾಯಿ ತೆಗೆದರೆ ಬೈಗುಳ. ಶೋರೂಮಿನವರು ಫೋನ್ ಇಟ್ಟುಬಿಡ್ತಾರೆ. ಕಾರಿಗೆ ಏನೇನಾಯ್ತು, ಬರೆದಿಡು." ಐದನೇ ಕ್ಲಾಸಿಗೆ ಸ್ಕೂಲು ಬಿಟ್ಟಿದ್ದೇ ಬರೆಯೋದು ತಪ್ಪಲಿ ಅಂತ. ಆಮೇಲೆ ಬದುಕು ಪೂರ್ತಿ ಎಂಜಿನ್ ಬಿಚ್ಚಿದ ಕೈ ಇದು. ಪೆನ್ನನ್ನೂ ಸ್ಪ್ಯಾನರ್ ಹಿಡಿದ ಹಾಗೇ ಹಿಡಿಯುತ್ತೆ — ಕಾಗದ ಹರಿಯುತ್ತೆ.

ಕಾರು ಅವಳದು. ಹೆರಿಗೆ ನರ್ಸು. ಕರೆ ಬಂದರೆ ಗುಡ್ಡದ ಮೇಲಿನ ಮನೆಗಳಿಗೂ ಓಡಬೇಕು. ಬ್ರೇಕ್ ಹಾಕಿದಾಗ ಆಯಿಲ್ ಲೈಟು ಮಿಣಮಿಣ ಅನ್ನುತ್ತಂತೆ. ಸ್ಕ್ರೂಡ್ರೈವರ್ ಎಂಜಿನ್ನಿಗೆ ಒತ್ತಿ, ಹಿಡಿಗೆ ಕಿವಿ ಕೊಟ್ಟೆ. ಸದ್ದು ಬೆಣ್ಣೆ ಕಣೇ, ಏನೂ ಇಲ್ಲ, ಹೋಗು ಅಂದೆ.

ಮಾರ್ಚ್ 4

ಶೋರೂಮಿನವನು ಸೆನ್ಸರ್ ದೋಷ ಅಂದನಂತೆ. ಇವಳು ಲೈಟಿನ ಮೇಲೆ ಕಪ್ಪು ಟೇಪ್ ಅಂಟಿಸಿದ್ದಾಳೆ!

"ಜ್ವರ ಬಂದರೆ ಥರ್ಮಾಮೀಟರ್ ಒಡೀತೀಯೇನೇ?"

"ನೀನೇ ಬೆಣ್ಣೆ ಅಂದೆಯಲ್ಲ."

ಟೇಪ್ ಕಿತ್ತು ಬಿಸಾಕಿದೆ. ಬಿಚ್ಚಿ ನೋಡ್ತೀನಿ ಅಂದೆ. ಹೊರಗಿನವರು ಬಿಚ್ಚಿದರೆ ಗ್ಯಾರಂಟಿ ಹೋಗುತ್ತಂತೆ. ನಾನು ಹೊರಗಿನವನು...

ಮಾರ್ಚ್ 9

ಬರೆದಿಲ್ಲ. ಮನೆಯಲ್ಲಿ ಮಾತೂ ಇರಲಿಲ್ಲ.

ಇವತ್ತು ಗುಡ್ಡ ಇಳಿಯುವಾಗ ಬ್ರೇಕ್ ಪೆಡಲು ತುಳಿದರೂ ಇಳಿಯದೆ ಕಲ್ಲಾಯಿತಂತೆ. ಎರಡು ಕಾಲಲ್ಲೂ ತುಳಿದು, ಹ್ಯಾಂಡ್‌ಬ್ರೇಕ್ ಎಳೆದು, ಯಾರದೋ ಕಾಂಪೌಂಡಿಗೆ ಕಾರಿನ ಮೂತಿ ಗುದ್ದಿ ನಿಲ್ಲಿಸಿದ್ದಾಳೆ. ಹಣೆ ಊದಿದೆ. ನೀರು ಕುಡಿದಳು. ಕೀ ನನ್ನ ಮುಂದಿಟ್ಟಳು.

"ಬಿಚ್ಚು."

"ಗ್ಯಾರಂಟಿ ಹೋಗುತ್ತೆ ಅಂತಿದ್ದೆ?"

"ಹೋಗಲಿ. ನಾನೇ ಹೋಗಿದ್ದರೆ?"

ಕೀ ತಗೊಂಡೆ. ಸ್ಪ್ಯಾನರ್ ಪೆಟ್ಟಿಗೆ ಹೊರಗೆ ತೆಗೆದೆ.

ಮಾರ್ಚ್ 10, ಮಧ್ಯಾಹ್ನ

ಎಂಜಿನ್ನಿನ ತಳ ಬಿಚ್ಚಿದೆ. ಆಯಿಲ್ ಹೀರೋ ಜಾಲರಿ ತುಂಬ ಕಪ್ಪು ಚೂರು. ರಬ್ಬರು! ಎಂಜಿನ್ನಿನ ತಾಳ ಕಾಯೋ ಟೈಮಿಂಗ್ ಬೆಲ್ಟನ್ನ ಆಯಿಲಿನಲ್ಲೇ ಮುಳುಗಿಸಿ ತಿರುಗಿಸುತ್ತಾರೆ, ಪುಣ್ಯಾತ್ಮರು. ಉಪ್ಪಿನ ಹಗ್ಗ ಕಟ್ಟಿ ಬಾವಿಗೆ ಬಿಂದಿಗೆ ಬಿಟ್ಟ ಹಾಗೆ. ಬೆಲ್ಟು ನೆನೆದು ಉದುರಿ ಜಾಲರಿ ಮುಚ್ಚಿದೆ. ಬ್ರೇಕಿಗೆ ಬಲ ಕೊಡೋ ಪಂಪಿನೊಳಗೂ ಅದೇ ಚೂರು — ಬ್ರೇಕ್ ಕಲ್ಲಾಗದೆ ಇನ್ನೇನು.

ಕಿವಿ ಮೋಸ ಹೋಗಿದ್ದು ಇದಕ್ಕೇ. ಹಳೇ ಎಂಜಿನ್ನಿನಲ್ಲಿ ಬೆಲ್ಟಿನ ಜಾಗಕ್ಕಿದ್ದ ಸರಪಳಿ ಸಾಯೋ ಮುಂಚೆ ಊರಿಗೇ ಕೇಳೋ ಹಾಗೆ ಕೂಗಾಡುತ್ತಿತ್ತು. ಈ ಬೆಲ್ಟು ತುಟಿಪಿಟಕ್ ಅನ್ನದೆ ಸಾಯುತ್ತೆ.

ಟಾರ್ಚ್ ಹಿಡಿದಿದ್ದ ಮಗಳು, "ಸರಪಳಿ ನಿನ್ನ ಹಾಗೆ ಅನ್ನು."

"ಹೂಂ. ಬೆಲ್ಟು ನಿನ್ನ ಹಾಗೆ."

ನಕ್ಕಳು. ಹಣೆ ನೋಯಿತೇನೋ, ನಿಲ್ಲಿಸಿದಳು.

ಮಾರ್ಚ್ 12

ಚೂರುಗಳನ್ನ ಬಾಟಲಿಗೆ ತುಂಬಿಕೊಂಡು ಇಬ್ಬರೂ ಶೋರೂಮಿಗೆ ಹೋದೆವು. ಮ್ಯಾನೇಜರ್ ಬಾಟಲಿ ಮುಟ್ಟಲಿಲ್ಲ. "ಸರ್, ಈ ಬೆಲ್ಟು ಎಂಜಿನ್ನಿನ ಜೀವಮಾನ ಪೂರ್ತಿ ಬರುತ್ತೆ."

ಬರುತ್ತೆ ಕಣಯ್ಯಾ. ಬೆಲ್ಟು ಹೋದ ದಿನವೇ ಎಂಜಿನ್ನೂ ಹೋಗುತ್ತೆ. ಜೋಡಿ ಚೆನ್ನಾಗಿದೆ. ಇದೇ ಥರದ ಕಾರುಗಳು ಬೀದಿ ಬೀದಿಯಲ್ಲಿ ಓಡ್ತಿವೆ — ಇನ್ನೆಷ್ಟು ಜನ ಟೇಪ್ ಅಂಟಿಸಿಕೊಂಡಿದ್ದಾರೋ.

"ಬರೆದುಕೊಡಿ, ಕಂಪನಿಗೆ ಕಳಿಸ್ತೀನಿ" ಅಂದ.

ಮಗಳು ಪೆನ್ನು ನನ್ನ ಕೈಗೇ ಕೊಟ್ಟಳು. "ಬೈಯಬೇಡ ಅನ್ನಲ್ಲ." ಕೌಂಟರ್ ಮೇಲೇ ಬರೆದೆ. ಕಾಗದ ಹರಿಯಲಿಲ್ಲ. ಬರೆದದ್ದು ಇಷ್ಟೇ —

ಜೀವಮಾನ ಅಂದಿರಿ. ಯಾರದು? ಎಂಜಿನ್ನಿನದಾ, ನನ್ನ ಮಗಳದಾ? ಇಪ್ಪತ್ತನೇ ತಾರೀಕಿನೊಳಗೆ ಉತ್ತರ ಬೇಕು.