ಮರಳಿನೊಳಗೆ ಎರಡು ಮೀನು

14 ಮೇ 2007, ಸೋಮವಾರ, ಬೆಳಿಗ್ಗೆ 6.40

ಉಪ್ಪಿನಂಶ ಸರಿ ಇದೆ. ಟೆಂಪರೇಚರ್ ಇಪ್ಪತ್ತೆಂಟು — ಜಾಸ್ತಿ. ಕೊಂಡಾಪುರ ಈಗಲೇ ಕಾದ ಹಂಚು. ಟೇಬಲ್ ಫ್ಯಾನನ್ನು ಮೀನು, ಹವಳ ಸಾಕಿರುವ ಉಪ್ಪುನೀರಿನ ಗಾಜಿನ ತೊಟ್ಟಿಯ ಕಡೆಗೆ ತಿರುಗಿಸಿದೆ. ನೀರು ಇನ್ನೂ ಬೇಗ ಆವಿಯಾಗುತ್ತದೆ. ದಿನಕ್ಕೆ ನಾಲ್ಕು ಲೀಟರ್ ಫಿಲ್ಟರ್ ನೀರು ಸುರಿಯಲೇಬೇಕು.

ಚೆನ್ನೈನಿಂದ ಬಂದ ಲೆಪರ್ಡ್ ರಾಸ್ ಮೀನಿನ ಜೋಡಿ ಇನ್ನೂ ಮರಳಿನಲ್ಲೇ ಇದೆ. ಮೂರನೇ ದಿನ. ಹೆದರಿದರೆ ಮರಳಿನೊಳಗೆ ನುಗ್ಗಿ ಮಲಗುವ ಜಾತಿ. ಅಗೆದು ನೋಡಬಾರದು. ಬೆರಳುದ್ದದ ಮೈ, ಬಿಳಿಯ ಮೇಲೆ ಕಪ್ಪು ಚುಕ್ಕೆ. ಇದೇ ಜಾತಿಯನ್ನು ಎರಡು ಸಲ ತಂದು ಎರಡು ಸಲವೂ ಸಾಯಿಸಿದ್ದೇನೆ. ದಿನಕ್ಕೆ ನಾಲ್ಕೈದು ಬಾರಿ ಚೂರು ಚೂರೇ ತಿನ್ನಿಸಬೇಕು, ನಾನು ಹನ್ನೊಂದು ಗಂಟೆ ಆಫೀಸಿನಲ್ಲಿರುತ್ತೇನೆ. ಉಪವಾಸ ಬಿದ್ದು ಸತ್ತವು. ಈ ಸಲ ಮನೆಯಲ್ಲಿ ಅಕ್ಕ ಇದ್ದಾಳೆ.

ಸುಭದ್ರಕ್ಕ ಬಂದು ಇಪ್ಪತ್ತು ದಿನ. ಗಂಡನ ಮನೆಯಿರುವ ಜೀಡಿಮೆಟ್ಲಾದಿಂದ ಆಟೋದಲ್ಲಿ, ಉಟ್ಟ ಸೀರೆಯಲ್ಲಿ, ಮುರಿದ ಮಣಿಕಟ್ಟನ್ನು ಎದೆಗೆ ಒತ್ತಿಕೊಂಡು ಬಂದಳು. ಗಂಡ ವೈಜನಾಥ ಕೆಮಿಕಲ್ ಫ್ಯಾಕ್ಟರಿಯಲ್ಲಿ ಶಿಫ್ಟ್ ಇನ್‌ಚಾರ್ಜ್. ಹತ್ತು ವರ್ಷದಿಂದ ಹೊಡೆಯುತ್ತಿದ್ದಾನೆ, ನಮಗೆ ಗೊತ್ತಾಗಿದ್ದು ಈಗ. ಅವತ್ತೇ ಹೇಳಿದೆ, "ಅಕ್ಕಾ, ಈ ಮನ್ಯಾಗ ನಿನ್ನ ಮ್ಯಾಲ ಯಾರೂ ಕೈ ಎತ್ತಂಗಿಲ್ಲ. ನಾ ಅದೀನಿ." ನಂಬಿದಳು. ಪ್ಲಾಸ್ಟರ್ ಕೈಯಲ್ಲೇ ರೊಟ್ಟಿ ಬಡಿಯುತ್ತೇನೆಂದು ಹಟ ಹಿಡಿದಳು.

17 ಮೇ

ಎದ್ದವು! ಮಧ್ಯಾಹ್ನ ಅಕ್ಕನ ಫೋನ್ ಬಂತು, ಮೀಟಿಂಗ್‌ನಲ್ಲಿದ್ದೆ. "ಕಾರ್ತ್ಯಾ, ಚುಕ್ಕಿ ಎದ್ದಾಳೋ! ನನ್ನ ಕಡೆನ ನೋಡಾಕತ್ತಾಳ!" ಜೋಡಿಯಲ್ಲಿ ಒಂದಕ್ಕೆ ಅವಳು ಇಟ್ಟ ಹೆಸರು ಚುಕ್ಕಿ. ಲೈನಿನಲ್ಲಿ ಕ್ಲೈಂಟ್ ಇದ್ದ. ಆದರೂ ಜೋರಾಗಿ ನಕ್ಕೆ.

ಸಂಜೆಗೆ ಎರಡನೆಯದೂ ಹೊರಗೆ. ಅಕ್ಕ ಗಾಜಿಗೆ ಮೂಗು ಹಚ್ಚಿ ಕೂತಿದ್ದಳು. "ಇವು ಭಾಳ ಶಾಣ್ಯಾ ಅದಾವ. ಅಂಜಿಕಿ ಹೋಗೋತನಕ ಮುಖ ತೋರ್ಸಂಗಿಲ್ಲ. ನನಗೂ ಒಂದೀಟು ಮರಳು ಸಿಕ್ಕಿದ್ರ..." ಅಂದಳು. ನನಗೆ ಅಳು ಬಂತು, ಬಾತ್‌ರೂಮಿಗೆ ಹೋದೆ.

19 ಮೇ, ಶನಿವಾರ

ಸಿಕ್ಸ್-ಲೈನ್ ತನ್ನ ಪುಂಡಾಟ ಶುರು ಮಾಡಿದೆ. ಅದೂ ರಾಸ್ ಜಾತಿಯದ್ದೇ, ಈ ಜೋಡಿಯ ದಾಯಾದಿ. ಎರಡು ವರ್ಷದಿಂದ ತೊಟ್ಟಿಯಲ್ಲಿದೆ, ತನ್ನಪ್ಪನ ಮನೆ ಅಂದುಕೊಂಡಿದೆ. ಬೆಳಿಗ್ಗೆಯಿಂದ ಚುಕ್ಕಿಯನ್ನು ಮೂಲೆಗೆ ಅಟ್ಟಿ ಅಟ್ಟಿ ಕಚ್ಚಿತು. ಬಾಲದ ಅಂಚು ಚಿಂದಿ.

ಅದನ್ನು ಹಿಡಿಯಲು ಮೂರು ತಾಸು ಬೇಕಾಯಿತು. ತೊಟ್ಟಿಯ ಅರ್ಧ ಬಂಡೆ ಹೊರಗೆ ಕಿತ್ತಿಟ್ಟು ಬಲೆಗೆ ಕೆಡವಿದೆ. ಬಕೆಟ್ಟಿಗೆ ಹಾಕಿ ಅಂಗಡಿಗೆ ವಾಪಸ್ ಕೊಡಬಹುದಿತ್ತು. ಬಲೆಯ ಸಮೇತ ನೆಲಕ್ಕೆ ಅಪ್ಪಳಿಸಿದೆ. ಒಂದು ಸಲಕ್ಕೇ ಸತ್ತಿತ್ತು. ನಾಲ್ಕು ಸಲ ಅಪ್ಪಳಿಸಿದೆ.

ಅಕ್ಕ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. "ಸತ್ತು ಹೋತಲ್ಲೋ. ಇನ್ನೂ ಯಾಕ?" ನೆಲ ಅವಳೇ ಒರೆಸಿದಳು.

17 ಜೂನ್, ಭಾನುವಾರ

ವೈಜನಾಥ ಬಂದಿದ್ದ. ಗೋಣಿಚೀಲದಲ್ಲಿ ಅವಳ ಪಾತ್ರೆ, ಸೀರೆ. ಕೊಟ್ಟು ಹೋಗುವ ನೆಪ.

"ಆಕಿನ ಕಳಸು ಕಾರ್ತಿಕ. ಗಂಡ ಹೆಂಡತಿ ನಡುವ ನೀ ಬರಬ್ಯಾಡ." ಒಳಗೆ ನುಗ್ಗಿ ಅವಳ ಜಡೆಗೆ ಕೈ ಹಾಕಿದ.

ಅಲ್ಲಿಂದ ಮುಂದೆ ನೆನಪು ತುಂಡು ತುಂಡು. ಲಿಫ್ಟಿನ ಗ್ರಿಲ್ಲಿಗೆ ಅವನ ತಲೆ ಬಡಿಯುತ್ತಿದ್ದೆ. ನೆಲದ ಮೇಲೆ ಒಂದು ಹಲ್ಲು. ಅವನು ಆಗಲೇ ಶರಣಾಗಿದ್ದ. ವಾಚ್‌ಮನ್ ತಾಯಪ್ಪ — ಯಾದಗಿರಿ ಕಡೆಯವನು, ಅಕ್ಕನ ಜೊತೆ ದಿನಾ ನಾಲ್ಕು ಮಾತು ನಮ್ಮ ಭಾಷೆಯಲ್ಲಿ ಆಡುವವನು — ಹಿಂದಿನಿಂದ ತೆಕ್ಕೆಗೆ ಹಿಡಿದು ಎಳೆದ. "ಬಿಡ್ರಿ ಸರ್! ಸತ್ತಗಿತ್ತಾನು, ಬಿಡ್ರಿ!"

ಹಿತವಾಗಿತ್ತು. ಇಲ್ಲಿ ಬರೆದರೆ ಯಾರಿಗೆ ಏನು? ತುಂಬಾ ಹಿತವಾಗಿತ್ತು.

ಅಕ್ಕ ನನ್ನ ಗೆಣ್ಣುಗಳಿಗೆ ಅರಿಶಿನ ಹಚ್ಚಿದಳು. ಏನಾದರೂ ಒಳ್ಳೆಯ ಮಾತು ಹೇಳುತ್ತಾಳೆಂದು ಕಾದೆ. "ನಿನ್ನ ಕೈ ಅವರ ಕೈಗಿಂತ ಜೋರ ಅದಾವ" ಅಂದಳು. ಹೊಗಳಿದಳು ಅಂದುಕೊಂಡೆ.

ಚೀಲ ಇಲ್ಲೇ ಉಳಿಯಿತು. ಅದರಲ್ಲಿ ಅವ್ವ ಮದುವೆಗೆ ಕೊಟ್ಟ ತಾಮ್ರದ ಕೊಡ. ಹುಣಸೆಹಣ್ಣು ಹಚ್ಚಿ ಬೆಳಗಿ ಕಿಟಕಿಯಲ್ಲಿ ಬೋರಲು ಹಾಕಿದ್ದಾಳೆ.

1 ಜುಲೈ

ಎರಡು ವಾರ ಬರೆದಿಲ್ಲ. ಆಫೀಸಿನಲ್ಲಿ ಸಾಫ್ಟ್‌ವೇರ್ ರಿಲೀಸ್ ಇತ್ತು. ಮನೆಗೆ ಬರೀ ಮಲಗಲು ಬಂದಿದ್ದೇನೆ.

ತೊಟ್ಟಿಯಲ್ಲಿ ಏನೋ ಸರಿಯಿಲ್ಲ. ಬಸವನಹುಳುಗಳು ಕೆಳಗೆ ಉದುರಿ ಬಿದ್ದಿವೆ. ಎತ್ತಿ ಮೂಸಿದೆ — ಸತ್ತ ವಾಸನೆ. ಹವಳಗಳು ಮುದುಡಿವೆ. ಲೆಪರ್ಡ್ ಎರಡೂ ಮಧ್ಯಾಹ್ನವೇ ಮರಳಿಗೆ ಇಳಿದವು. ಅಕ್ಕ ಎರಡು ಸಲ ಕೇಳಿದಳು, "ನನ್ನಿಂದ ಏನರ ತಪ್ಪಾತೇನು?" ಇಲ್ಲ ಅಂದೆ.

3 ಜುಲೈ

ಸೀಗಡಿ ಮೂರೂ ಸತ್ತವು. ನೀರು ಟೆಸ್ಟ್ ಮಾಡಿದೆ, ಅಮೋನಿಯಾ ಸೊನ್ನೆ, ನೈಟ್ರೇಟ್ ಸರಿ. ಮತ್ತೇನು? ಮೀನು ಮಾರಿದ ಡೀಲರ್‌ಗೆ ಫೋನಿನಲ್ಲಿ ಬಾಯಿಗೆ ಬಂದಂತೆ ಬೈದೆ. ಆಫೀಸಿನಲ್ಲಿ ಟೆಸ್ಟಿಂಗ್ ಹುಡುಗಿ ಲಹರಿ ಏನೋ ಕೇಳಲು ಬಂದಳು, ಕಾಫಿ ಮಗ್ ಗೋಡೆಗೆ ಎಸೆದೆ. ಎಚ್‌ಆರ್ ಕರೆದಿದ್ದಾರೆ. ಮೀನು ಇನ್ನೂ ಮರಳಿನಲ್ಲಿವೆ. ಇವೂ ಸತ್ತರೆ ನಾನು...

4 ಜುಲೈ, ಬುಧವಾರ, ಬೆಳಿಗ್ಗೆ 11

ರಜೆ ಹಾಕಿದೆ. ಅಕ್ಕ ತೊಟ್ಟಿಗೆ ನೀರು ಸುರಿಯುವುದನ್ನು ಇವತ್ತು ಎದುರು ನಿಂತು ನೋಡಿದೆ. ಕೈಯಲ್ಲಿ ನಾನು ಕೊಟ್ಟ ಪ್ಲಾಸ್ಟಿಕ್ ಕ್ಯಾನ್ ಇಲ್ಲ. ತಾಮ್ರದ ಕೊಡ.

"ಇದ್ರಾಗ ಯಾವಾಗಿಂದ ಹಾಕಾಕತ್ತೀ?"

"ಕೊಡ ಬಂದಾಗಿಂದ. ನಿನ್ನ ಫಿಲ್ಟರ್ ನೀರ ಐತಿ, ಅದನ್ನ ರಾತ್ರಿ ಪೂರಾ ತಾಮ್ರದಾಗ ಇಡತೀನಿ. ಅವ್ವ ನಮ್ಮನ್ನ ಇದ ನೀರು ಕುಡಿಸಿ ಬೆಳಸಲಿಲ್ಲೇನು? ನೀ ನನ್ನ ಸಲುವಾಗಿ ಅಷ್ಟು ಮಾಡಿದಿ. ನಿನ್ನ ಮೀನಿಗೆ ನಾ ಇಷ್ಟರ ಮಾಡಬ್ಯಾಡ?"

ತೊಟ್ಟಿಯ ನೀರಿಗೆ ಕಾಪರ್ ಟೆಸ್ಟ್, ತಾಮ್ರದ ಅಂಶದ ಟೆಸ್ಟ್, ಮಾಡಿದೆ. ಬಣ್ಣ ಏರುತ್ತಲೇ ಹೋಯಿತು. ತಾಮ್ರ ಮನುಷ್ಯರಿಗೆ ಒಳ್ಳೆಯದು, ಹವಳಕ್ಕೆ, ಸೀಗಡಿಗೆ ವಿಷ. ಅವಳಿಗೆ ಹೇಳಿದ್ದೆನಾ? ಸೋಪಿನ ಕೈ ಅದ್ದಬೇಡ ಅಂದಿದ್ದೆ. ಊದಿನಕಡ್ಡಿ ಹಚ್ಚಬೇಡ ಅಂದಿದ್ದೆ. ತಾಮ್ರದ ಮಾತು ಹೇಳಿರಲಿಲ್ಲ. ಹೇಳಿಲ್ಲವೆಂಬುದು ಹೊಡೆಯುವ ಮೊದಲೇ ನೆನಪಾಗಿತ್ತು.

ಹೊಡೆದೆ.

ಕೊಡ ಕಿತ್ತು ಗೋಡೆಗೆ ಎಸೆದೆ. ಆಮೇಲೆ ಅವಳ ಕೆನ್ನೆಗೆ. ಕೈ ಅಡ್ಡ ತಂದಳು, ಆ ಕೈಗೂ. ಈಗಷ್ಟೇ ಕೂಡಿಕೊಂಡ ಕೈ. ಗೋಡೆಯ ಮೂಲೆ ಹುಡುಕಿ ಕುಕ್ಕರಗಾಲಲ್ಲಿ ಕೂತು ತಲೆಯನ್ನು ಮೊಣಕಾಲ ನಡುವೆ ಇಟ್ಟುಕೊಂಡಳು. ಎಷ್ಟು ರೂಢಿಯಿತ್ತು ಅವಳಿಗೆ. ಅದನ್ನು ನೋಡಿ ಕೈ ನಿಂತಿತು.

ಸಂಜೆ

ಅರ್ಧ ನೀರು ಬದಲಿಸಿದೆ. ಫಿಲ್ಟರಿಗೆ ಹೊಸ ಕಾರ್ಬನ್ ಹಾಕಿದೆ. ಕೈಗೆ ಕೆಲಸ ಬೇಕಿತ್ತು.

"ತಪ್ಪಾತು ಅಕ್ಕಾ" ಅಂದೆ. "ಆತು ಬಿಡು" ಅಂದಳು. ತಕ್ಷಣ ಅಂದಳು. ಡಾಕ್ಟರ ಹತ್ತಿರ ಹೋಗೋಣ ಅಂದರೆ ಬೇಡ ಅಂದಳು. ನನಗೆ ನನ್ನ ಮೇಲೆ ಹೇಸಿಗೆ. ಊಟಕ್ಕೆ ರೊಟ್ಟಿ, ಪುಂಡಿಪಲ್ಯ, ಎಂದಿನಂತೆಯೇ. ತಿಂದೆ ಕೂಡ.

6 ಜುಲೈ

ಎಲ್ಲದಕ್ಕೂ ಕೇಳುತ್ತಾಳೆ. ಫ್ಯಾನ್ ಹಾಕಲಾ? ಟಿವಿ ಹಚ್ಚಲಾ? ಮೀನಿಗೆ ಇಷ್ಟು ಸಾಕಾ? ಬೆಳಿಗ್ಗೆ ಮೇಲಿನ ಕಪಾಟಿನಿಂದ ಸಕ್ಕರೆ ಡಬ್ಬಿ ತೆಗೆಯಲು ಕೈ ಎತ್ತಿದೆ. ಪಕ್ಕದಲ್ಲಿದ್ದವಳು ಮೊಣಕೈ ಮುಖಕ್ಕೆ ಅಡ್ಡ ತಂದಳು. ಇಬ್ಬರೂ ಕಾಣದವರಂತೆ ಇದ್ದುಬಿಟ್ಟೆವು.

ಮರಳಿನಲ್ಲಿ ಅಲುಗಾಟವಿಲ್ಲ. ಆರನೇ ದಿನ.

9 ಜುಲೈ, ಸೋಮವಾರ, ಸಂಜೆ 7.30

ಬಾಗಿಲು ತೆಗೆದಾಗ ಮೊದಲು ಕಂಡದ್ದು ಚುಕ್ಕಿ. ಹೊರಗೆ ಬಂದಿದೆ! ಹೊಟ್ಟೆ ಒಳಕ್ಕೆ ಹೋಗಿದೆ, ಆದರೆ ಜೀವಂತ, ಬಂಡೆಯ ಮೇಲೆ ಏನೋ ಕುಕ್ಕುತ್ತಿದೆ. ಇನ್ನೊಂದು ಕಾಣಲಿಲ್ಲ. "ಅಕ್ಕಾ, ಎದ್ದಾಳ! ಬಾ ಇಲ್ಲಿ!" ಕೂಗಿದೆ. ಎರಡು ಸಲ ಕೂಗಿದೆ.

ಹಗ್ಗದ ಮೇಲೆ ಅವಳ ಸೀರೆ ಇಲ್ಲ. ಕೊಡ ಇಲ್ಲ. ಫ್ರೀಜರಿನಲ್ಲಿ ಮೀನಿನ ಆಹಾರ ಚೂರು ಮಾಡಿ ಎಂಟು ಪೊಟ್ಟಣ ಕಟ್ಟಿಟ್ಟಿದ್ದಾಳೆ.

ಮೆಟ್ಟಿಲಲ್ಲೇ ಓಡಿ ಇಳಿದೆ. ತಾಯಪ್ಪ ಗೇಟಿನಲ್ಲಿದ್ದ.

"ಅಕ್ಕ ಎಲ್ಲಿ?"

"ಮಧ್ಯಾನ್ನ ಹೋದ್ರಿ ಸರ್. ಆಟೋ ನಾನ ಕರಕೊಂಡ ಬಂದೆ."

"ಎಲ್ಲಿಗೆ? ಜೀಡಿಮೆಟ್ಲಾಕ್ಕಾ? ಅವನ ಹಂತ್ಯಾಕ?"

"ಅಲ್ರಿ. ಅಲ್ಲಿಗಲ್ರಿ."

"ಮತ್ತೆಲ್ಲಿಗಿ?"

"ಹೇಳಂಗಿಲ್ರಿ. ಅಕ್ಕಾರು ಆಣಿ ಹಾಕ್ಯಾರ. ಇಬ್ಬರು ಬಂದು ಕೇಳತಾರ, ಇಬ್ಬರಿಗೂ ಹೇಳಬ್ಯಾಡ ಅಂದಾರ."

"ಯಾವ ಇಬ್ಬರು?"

ತಲೆ ತಗ್ಗಿಸಿದ. "ಅವರ ಗಂಡ... ಮತ್ತ ನೀವ್ರಿ."

ಕಾಲರ್ ಹಿಡಿದೆ. ಬಿಟ್ಟು ಮೇಲೆ ಬಂದೆ ಎಂದು ಬರೆಯಲು ಕೂತಿದ್ದೆ. ಸುಳ್ಳು. ಬಿಡಲಿಲ್ಲ. ವಯಸ್ಸಾದವನು, ಹಗುರ ಇದ್ದಾನೆ, ಗೇಟಿನ ಕಂಬಕ್ಕೆ ಒತ್ತಿ ಹಿಡಿದು ಎಲ್ಲಿ, ಎಲ್ಲಿ ಎಂದು ಕೇಳುತ್ತಾ, ಪ್ರತಿ ಸಲ ಕೇಳಿದಾಗಲೂ ಅವನ ತಲೆಯನ್ನು ಅದೇ ಕಂಬಕ್ಕೆ ಬಡಿದೆ.